ಗಢಗಂಗೆಯ ದಡದಲ್ಲಿ ಒಂದು ನಿದ್ದೆ

ನೇಪಾಳಕ್ಕೆ ಹೋಗಿ ಬಂದೆ ಎಂದರೆ ಗದಗಿನ ನನ್ನ ಗೆಳತಿಯರು ಮೊದಲು ಕೇಳುವುದು ಪಶುಪತಿನಾಥನ ದರ್ಶನ ಹೇಗಾಯಿತು ಎಂದು. ನಾವು ಕಠ್ಮಂಡುವಿಗೆ ಹೋಗಲೇ ಇಲ್ಲ ಎಂದಾಗ ಅವರ ಮುಖ ಸಣ್ಣದಾಗುತ್ತದೆ. ಆಮೇಲೆ ಹಿಮದ ಬೆಟ್ಟ ಕಂಡಿತೇ ಎನ್ನುತ್ತಾರೆ. ಕಂಡಿತು, ಒಂದು ಬೆಳಿಗ್ಗೆ, ಚಹಾ ಆರುವಷ್ಟು ಹೊತ್ತು. ಅಷ್ಟರಲ್ಲಿ ಮೋಡ ಮುಚ್ಚಿತು. ಅಲ್ಲಿಗೆ ಅವರ ಪ್ರಶ್ನೆಗಳು ಮುಗಿಯುತ್ತವೆ. ಇನ್ನೂ ಒಂದು ಕೇಳಿದ್ದರೆ ಹೇಳುತ್ತಿದ್ದೆ: ಆ ಇಡೀ ಪ್ರವಾಸದಲ್ಲಿ ನನಗೆ ಮರೆಯಲಾಗದ ಸಂಗತಿಯೆಂದರೆ, ಮನೆ ಇನ್ನು ಒಂದೂವರೆ ಗಂಟೆಯ ದಾರಿ ಎನ್ನುವಾಗ ಗಾಡಿ ನಿಲ್ಲಿಸಿ ಮಲಗಿಬಿಟ್ಟದ್ದು.

ಪೋಖರಾ

ನನ್ನ ಮಗಳು ವಿದ್ಯಾ ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದಾಳೆ. ಅಳಿಯ ಪ್ರಸನ್ನ ಕೇಂದ್ರ ಸರ್ಕಾರದ ಅಧಿಕಾರಿ. ಅವರ ತಂದೆ ನೌಕರಿಗೆಂದು ಮೈಸೂರಿನಿಂದ ದೆಹಲಿಗೆ ಬಂದವರು. ಪ್ರಸನ್ನ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅವರ ಕನ್ನಡದಲ್ಲಿ ಹಿಂದಿ ಧಾರಾಳವಾಗಿ ಬೆರೆತಿರುತ್ತದೆ. ಮದುವೆಯ ಹೊಸದರಲ್ಲಿ ಗದಗಿಗೆ ಬಂದಾಗ ಊಟ ಮುಗಿಸಿ "ಚಲೋ ಅತ್ತೆ" ಎಂದು ಎದ್ದರು. ನಮ್ಮ ಕಡೆ ಚಲೋ ಎಂದರೆ ಒಳ್ಳೆಯದು. ಅಡುಗೆ ಚಲೋ ಆಗಿದೆ ಎನ್ನುತ್ತಿದ್ದಾರೆಂದು ನಾನು ಹಿಗ್ಗಿಹೋದೆ. "ಹೊರಡೂಣು ಅಂದ್ರು ಅವ್ವಾ" ಎಂದು ವಿದ್ಯಾ ಕಿವಿಯಲ್ಲಿ ಹೇಳಿದಳು.

ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮಿಬ್ಬರ ನಡುವೆ ಮರ್ಯಾದೆ ಹೆಚ್ಚು, ಮಾತು ಕಡಿಮೆ. ನಾನು ಕೋಣೆಗೆ ಬಂದರೆ ಅವರು ಎದ್ದು ನಿಲ್ಲುತ್ತಾರೆ. ಅವರು ಎದ್ದು ನಿಂತರಲ್ಲ ಎಂದು ನಾನು ಬೇರೆ ಕೋಣೆಗೆ ಹೋಗುತ್ತೇನೆ.

ಈ ಸಲ ದಸರಾ ರಜೆಯಲ್ಲಿ ಕಾರಿನಲ್ಲೇ ನೇಪಾಳಕ್ಕೆ ಹೋಗೋಣ ಎಂದು ವಿದ್ಯಾ ಕರೆದಳು. ನಮ್ಮ ಮನೆಯವರು ಮೊಣಕಾಲು ನೋವೆಂದು ಗದಗಿನಲ್ಲೇ ಉಳಿದರು. ವಿದ್ಯಾ, ಪ್ರಸನ್ನ, ಮೊಮ್ಮಗಳು ತನ್ವಿ, ನಾನು, ನಾಲ್ವರು ಹೊರಟೆವು. ಹೋಗುವಾಗ ಅಲ್ಲಲ್ಲಿ ಉಳಿದು, ನಿಧಾನಕ್ಕೆ, ನಗುನಗುತ್ತ ಹೋದೆವು.

ಪೋಖರಾದಲ್ಲಿ ಅವರ ದೊಡ್ಡ ಹಬ್ಬ ದಶೈಂ ನಡೆದಿತ್ತು. ನಮ್ಮ ದಸರೆಯೇ ಅದು, ಆದರೆ ಗೊಂಬೆಯೂ ಇಲ್ಲ, ಬನ್ನಿಯೂ ಇಲ್ಲ. ಹಿರಿಯರು ಕಿರಿಯರ ಹಣೆಯ ತುಂಬ ಮೊಸರು, ಕುಂಕುಮದಲ್ಲಿ ಕಲಸಿದ ಅಕ್ಕಿ ಮೆತ್ತುತ್ತಾರೆ. ಕಿವಿಯ ಸಂದಿಗೆ ಹಳದಿ ಬಣ್ಣದ ಎಳೆ ಸಸಿ ಸಿಕ್ಕಿಸುತ್ತಾರೆ. ಆ ಸಸಿ ನೋಡಿ ನನಗೆ ಎದೆ ತುಂಬಿ ಬಂತು. ನಮ್ಮಲ್ಲೂ ಘಟ ಹಾಕಿ ಒಂಬತ್ತು ದಿನ ಕತ್ತಲಲ್ಲಿ ಬೆಳೆಸಿದ ಸಸಿಯನ್ನು ಹೆಂಗಸರು ಮುಡಿಯುತ್ತೇವಲ್ಲ, ಅದೇ ಬಣ್ಣ, ಅದೇ ವಾಸನೆ. ನಾವಿದ್ದ ಲಾಡ್ಜಿನ ಒಡತಿ ನಮ್ಮನ್ನೂ ಸಾಲಾಗಿ ಕೂರಿಸಿ ಅಕ್ಕಿ ಹಚ್ಚಿದಳು. ಪ್ರಸನ್ನನ ಹಣೆಯಿಂದ ಅಕ್ಕಿ ಉದುರಿ ಚಹಾದಲ್ಲಿ ಬಿತ್ತು. ಅವರು ಯಾರಿಗೂ ಕಾಣದಂತೆ ಅದನ್ನೂ ಕುಡಿದರು. ಅವರ ಸ್ವಭಾವವೇ ಹಾಗೆ.

ಹಬ್ಬದ ಮರುದಿನ ವಿದ್ಯಾಳಿಗೆ ಫೋನ್ ಬಂತು. ಅವಳು ದೆಹಲಿಯ ಹತ್ತಿರದ ಮಾನೇಸರ್‌ನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆ. ತಪಾಸಣೆಗೆ ಹೊರಗಿನವರು ಬರುತ್ತಾರೆ, ಕೂಡಲೇ ಬಾ ಎಂದರು. ತನ್ವಿಯನ್ನು ಕರೆದುಕೊಂಡು ವಿಮಾನದಲ್ಲಿ ಹೋಗುವುದೆಂದು ನಿಶ್ಚಯವಾಯಿತು. ಉಳಿದದ್ದು ಕಾರು ಮತ್ತು ಪ್ರಸನ್ನ.

"ಅವರೊಬ್ಬರೇ ಅಷ್ಟು ದೂರ ಓಡಿಸೋದು ಬ್ಯಾಡ ಅವ್ವಾ. ನೀ ಜೋಡಿ ಬಾ. ಮಾತಾಡಿಸ್ಕೋತ ಇರು, ಅವರಿಗೆ ನಿದ್ದಿ ಬರಬಾರದು" ಎಂದಳು ವಿದ್ಯಾ.

ಮಾತಾಡಿಸುವುದು! ಅದೂ ನಾವಿಬ್ಬರು! ಆದರೂ ಹೂಂ ಎಂದೆ.

ಕೊಹಲಪುರದಿಂದ ಗಡಿಗೆ

ಮೊದಲ ದಿನ ಸಂಜೆಗೆ ಕೊಹಲಪುರ ಎಂಬ ಊರು ಸೇರಿ ಉಳಿದೆವು. ಮಾರನೆಯ ದಿನ ಗಡಿಯ ಹತ್ತಿರ ಇನ್ನೊಂದು ರಾತ್ರಿ ಕಳೆಯುವುದೆಂದು ಮೊದಲೇ ಮಾತಾಗಿತ್ತು. ಆದರೆ ಬೆಳಗಿನ ಜಾವ ಸಾಮಾನು ತುಂಬುವಾಗ ಪ್ರಸನ್ನ ಹೇಳಿದರು: "ಅತ್ತೆ, ಇವತ್ತೇ ಸೀದಾ ಮನೆ ತಲುಪಿಬಿಡೋಣ. ದಾರಿಯ ಹೋಟೆಲುಗಳು ನಿಮಗೆ ಸರಿಹೋಗಲ್ಲ."

ನನಗೆ ಹೋಟೆಲು ಸರಿಯಾಗಿಯೇ ಇತ್ತು. ಆದರೆ ಅವರಿಗೆ ಸೋಮವಾರ ಆಫೀಸಿದೆ, ಒಂದು ದಿನವಾದರೂ ವಿಶ್ರಾಂತಿ ಬೇಡವೇ ಎಂದುಕೊಂಡು "ನಿಮಗ ಹೆಂಗ ಅನುಕೂಲ ಹಂಗ್ರಿ" ಎಂದೆ. ಒಬ್ಬರು ಇನ್ನೊಬ್ಬರ ಸಲುವಾಗಿ ತಪ್ಪು ತೀರ್ಮಾನ ಮಾಡಿದ್ದು ಅಲ್ಲಿಂದಲೇ ಶುರು. ಆ ಊರಿನ ಲಾಡ್ಜಿನ ಹೆಂಗಸು ಬಾಗಿಲಲ್ಲಿ ನಿಂತು "ಬಿಸ್ತಾರೈ, ಬಿಸ್ತಾರೈ" ಎಂದಳು. ನಿಧಾನ, ನಿಧಾನ ಎಂದು. ನಾವು ಕೈ ಬೀಸಿ ಹೊರಟೆವು.

ಆ ದೇಶದ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಬರ್ದಿಯಾ ಎಂಬ ಹುಲಿ ಕಾಡಿನ ನಡುವೆ ಹೆದ್ದಾರಿ ಹೋಗುತ್ತದೆ. ಕಾಡಿನ ಈ ತುದಿಯಲ್ಲಿ ವೇಳೆ ಬರೆದ ಚೀಟಿ ಕೊಡುತ್ತಾರೆ. ಆ ತುದಿಯಲ್ಲಿ ಅದನ್ನು ನೋಡುತ್ತಾರೆ. ಬೇಗ ತಲುಪಿದರೆ ದಂಡ! ಗದಗಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನವರಿಗೆ ಇಂಥದ್ದು ಹೇಳಿದರೆ ನಗಬಹುದು. ಪ್ರಸನ್ನ ಮಾತ್ರ ಕಾಡಿನ ತುದಿಯಲ್ಲಿ ಗಾಡಿ ನಿಲ್ಲಿಸಿ, ವೇಳೆ ಆಗುವ ತನಕ ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತ ಕೂತರು. ಆ ಹೊತ್ತಿನಲ್ಲಿ ಕಣ್ಣು ಮುಚ್ಚಿದ್ದರೂ ಆಗುತ್ತಿತ್ತು. ಮುಚ್ಚಲಿಲ್ಲ.

ಗಡಿಯ ಬನಬಸಾದಲ್ಲಿ ನದಿಯ ಬ್ಯಾರೇಜಿನ ಮೇಲೆಯೇ ರಸ್ತೆ. ಬಹಳ ಕಿರಿದು. ಆ ಕಡೆಯ ಗಾಡಿಗಳನ್ನು ಬಿಟ್ಟ ಮೇಲೆ ಈ ಕಡೆಯವು. ಸಾಲಿನಲ್ಲಿ ನಮ್ಮ ಮುಂದೆ ಕುದುರೆ ಟಾಂಗಾ, ಅದರ ಮೇಲೆ ಅತ್ತೂ ಕರೆದೂ ಸುಸ್ತಾದ ಮಗು. ದಾಟಿದ ಮೇಲೆ ಗಡಿಯಾರ ಕಾಲು ಗಂಟೆ ಹಿಂದೆ ತಿರುಗಿಸಿಕೊಂಡೆವು. ನೇಪಾಳದ ವೇಳೆ ನಮಗಿಂತ ಅಷ್ಟು ಮುಂದೆ. "ಕಾಲು ಗಂಟೆ ಉಳೀತು ಅತ್ತೆ!" ಎಂದರು ಪ್ರಸನ್ನ. ಸಂಜೆಯ ತನಕ ಅವರು ಖುಷಿಯಾಗಿ ಹೇಳಿದ ಕೊನೆಯ ಮಾತು ಅದು.

ರಾಮಪುರ, ಮುರಾದಾಬಾದ್

ನಾನು ನಿವೃತ್ತಿಯಾಗುವ ತನಕ ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ. ಟ್ರಂಕ್ ಕಾಲ್ ಕಾಲದವಳು. ಮುಖ ನೋಡದೆ ದನಿ ಕೇಳಿಯೇ ಬದುಕಿದವಳು. ರಾತ್ರಿ ಪಾಳಿಯಲ್ಲಿ ಬೇರೆ ಊರಿನ ಆಪರೇಟರ್ "ಹಲೋ" ಎಂದರೆ, ಎಚ್ಚರವಿದ್ದಾಳೋ ಕೂತಲ್ಲೇ ತೂಗುತ್ತಿದ್ದಾಳೋ ತಿಳಿಯುತ್ತಿತ್ತು.

ಉತ್ತರ ಪ್ರದೇಶದ ಬಯಲು ಶುರುವಾದ ಮೇಲೆ ಪ್ರಸನ್ನನ ದನಿ ಬದಲಾಯಿತು. ನಾನು ಏನಾದರೂ ಕೇಳಿದರೆ ಉತ್ತರ ತಡವಾಗಿ ಬರುತ್ತಿತ್ತು, ಅರ್ಧಕ್ಕೇ ನಿಲ್ಲುತ್ತಿತ್ತು. ಎರಡೂ ಕಡೆ ಕಬ್ಬು. ಮುಂದೆ ಕಬ್ಬಿನ ಟ್ರಾಲಿ, ಹಿಂದೆ ಲಾರಿ. ಬಿಸಿಲು ಎದುರಿಗೆ.

ನಾನು ಕರ್ತವ್ಯ ಮಾಡಲು ಹೊರಟೆ. "ನಿಮ್ಮ ಆಫೀಸಿನ್ಯಾಗ ಕೆಲಸಾ ಭಾಳ ಏನ್ರಿ?"

"ಹಾಂ ಅತ್ತೆ."

"ಸಾಹೇಬ್ರು ಒಳ್ಳೇವ್ರಾ?"

ಸ್ವಲ್ಪ ಹೊತ್ತಾದ ಮೇಲೆ: "ಅಚ್ಛಾ."

ಸರಿ ಸರಿ ಎನ್ನುವ ದನಿ, ಇದು ಉತ್ತರವೇ ಅಲ್ಲ. ನನಗೆ ಭಯವಾಯಿತು. ಆದರೆ ಅಳಿಯನಿಗೆ "ನಿಮಗೆ ನಿದ್ದೆ ಬರುತ್ತಿದೆ" ಎಂದು ಹೇಳುವುದು ಹೇಗೆ? ತಪ್ಪು ಎಣಿಸಿದ ಹಾಗೆ. ಸುತ್ತು ಬಳಸಿ ಹೇಳಿದೆ: "ಚಾ ಕುಡಿಯೂಣೇನ್ರಿ?"

"ನಿಮಗೆ ಬೇಕಾ ಅತ್ತೆ? ನಿಲ್ಲಿಸ್ತೀನಿ."

"ನನಗೇನ ಬ್ಯಾಡ. ನಿಮಗ ಬೇಕಾಗಿದ್ರ."

"ಇಲ್ಲ, ನನಗೂ ಬೇಡ."

ಹೀಗೆ ಮುರಾದಾಬಾದ್ ಹೋಯಿತು. ಆಮೇಲೆ ಢಾಬಾಗಳ ದೊಡ್ಡ ಸಾಲೊಂದು ಬಂತು, ಅದೂ ಹೋಯಿತು. ನಿಜ ಹೇಳಬೇಕೆಂದರೆ ನನಗೆ ಚಹಾ ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಬಾತ್‌ರೂಮಿಗೆ ಹೋಗಬೇಕಾಗಿತ್ತು. ಪ್ರಯಾಣದಲ್ಲಿ ಗಂಡಸರನ್ನು ಪದೇ ಪದೇ ನಿಲ್ಲಿಸಬಾರದೆಂದು ಬೆಳಗಿನಿಂದ ನೀರನ್ನೇ ಬಿಟ್ಟಿದ್ದೆ. ತಲೆ ಸಿಡಿಯುತ್ತಿತ್ತು. ಬಾಟಲಿ ತೊಡೆಯ ಮೇಲೆ ತುಂಬಿದ್ದು ತುಂಬಿದ ಹಾಗೆ ಇತ್ತು.

ಗಂಗೆಯ ಸೇತುವೆ ದಾಟಿ

ಗಢಮುಕ್ತೇಶ್ವರದ ಹತ್ತಿರ ಗಂಗೆಯ ಸೇತುವೆ. ಇಲ್ಲಿನ ಗಂಗೆಯನ್ನು ಆ ಕಡೆಯವರು ಗಢಗಂಗೆ ಎನ್ನುತ್ತಾರೆ. ದಾಟಿದರೆ ದೆಹಲಿಯ ಸುತ್ತಿನೊಳಗೆ ಬಂದ ಹಾಗೆ. ಬೋರ್ಡಿನಲ್ಲಿ ದೆಹಲಿಯ ಹೆಸರು ದೊಡ್ಡದಾಗಿ ಕಾಣತೊಡಗುತ್ತದೆ, ಮನಸ್ಸು ಆಗಲೇ ಮನೆಯ ಬೀಗ ತೆಗೆಯುತ್ತಿರುತ್ತದೆ. ನಾನು ಕಣ್ಣು ಮುಚ್ಚಿ ಗಂಗೆಗೆ ಕೈ ಮುಗಿದೆ.

ಕಣ್ಣು ತೆಗೆದಾಗ ಗಾಡಿ ರಸ್ತೆಯ ಮೇಲಿರಲಿಲ್ಲ.

ಆ ಊರಿನ ಬದಿಯಲ್ಲಿ ಬೆತ್ತ, ಜೊಂಡುಗಳಿಂದ ಹೆಣೆದ ಮೂಢಾಗಳನ್ನು, ಎಂದರೆ ಡಮರುವಿನ ಆಕಾರದ ಕುಳಿತುಕೊಳ್ಳುವ ಪೀಠಗಳನ್ನು, ಗೋಪುರದ ಹಾಗೆ ಪೇರಿಸಿಟ್ಟು ಮಾರುತ್ತಾರೆ. ಗಾಡಿ ಎಡಕ್ಕೆ ಜಾರಿ, ಮಣ್ಣಿನ ಅಂಚಿಗಿಳಿದು, ಆ ಗೋಪುರದ ಕಡೆಗೆ ಹೊರಟಿತ್ತು. "ಪ್ರಸನ್ನಾ!" ಎಂದು ಚೀರಿದೆ. ಅವರು ಬೆಚ್ಚಿ ಬ್ರೇಕ್ ಒತ್ತಿದರು. ಮೂಢಾಗಳು ಬಾನೆಟ್ಟಿನ ಮೇಲೆ, ಗಾಜಿನ ಮೇಲೆ, ಮಾಡಿನ ಮೇಲೆ ದಡದಡ ಉರುಳಿದವು. ಎಡಗಡೆಯ ಕನ್ನಡಿ ಮುರಿದು ಜೋತಾಡಿತು. ಗಾಡಿ ನಿಂತಿತು.

ಆಮೇಲೆ ಗದ್ದಲವೇ ಇಲ್ಲ. ಒಂದು ಮೂಢಾ ರಸ್ತೆಯಂಚಿನಲ್ಲಿ ಇನ್ನೂ ಉರುಳುತ್ತಿತ್ತು, ಅಷ್ಟೇ.

ಅಂಗಡಿಯ ಹೆಂಗಸು ನನ್ನ ವಯಸ್ಸಿನವಳು. ಗುಡಿಸಲಿನಿಂದ ಸೆರಗು ಬಿಗಿಯುತ್ತ ಓಡಿ ಬಂದಳು. "ಅಂಧಾ ಹೈ ಕ್ಯಾ? ಅಭೀ ಯಹೀಂ ಬೈಠೀ ಥೀ ಮೈಂ!" ಎಂದು ಕೂಗಿದಳು. ಕುರುಡನೇ ನೀನು, ಈಗಷ್ಟೇ ಇಲ್ಲೇ ಕೂತಿದ್ದೆನಲ್ಲ ಎಂದು. ನಾನು ಇಳಿದು ಅವಳ ಎರಡೂ ಕೈ ಹಿಡಿದುಕೊಂಡೆ. ನನ್ನ ಹಿಂದಿ ಅಂಥ ಹೊತ್ತಿನಲ್ಲಿ ಬರುವುದಿಲ್ಲ. ಕೈ ಬಿಡದೆ ನಿಂತೆ.

ಪ್ರಸನ್ನ ಇಳಿದರು. ಎರಡು ಹೆಜ್ಜೆ ಬಂದು ಉರುಳಿಬಿದ್ದ ಮೂಢಾ ಒಂದರ ಮೇಲೆ ಕೂತರು. ಅವಳು ಇನ್ನೂ ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ದನಿ ಇಳಿಸಿದಳು.

"ಬೇಟಾ, ಸೋ ಗಯಾ ಥಾ ಕ್ಯಾ?"

"ನಹೀಂ ನಹೀಂ, ವೋ ಸಾಮನೇ ಸೇ..." ಎಂದು, ಎದುರಿನಿಂದ ಏನೋ ಬಂತೆಂದು ಪ್ರಸನ್ನ ಹೇಳಹೊರಟರು. ನನ್ನನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ, "ಹಾಂ. ಸೋ ಗಯಾ ಥಾ" ಎಂದರು. ಹೌದು, ನಿದ್ದೆ ಹೋಗಿದ್ದೆ.

ಅವಳು ಒಳಗಿನಿಂದ ನೀರು ತಂದಳು. ಅವರು ಮುಖಕ್ಕೆ ಎರಚಿಕೊಂಡರು. ಮುರಿದ ಮೂಢಾಗಳನ್ನು ನಾವೇ ಕೊಂಡೆವು. ಅವಳು ಚೆನ್ನಾಗಿದ್ದ ಒಂದನ್ನು ಸೇರಿಸಿ ಡಿಕ್ಕಿಗೆ ಹಾಕಿದಳು. ಎಲ್ಲ ಮುಗಿಯಿತು ಎನ್ನುವಾಗ ಪ್ರಸನ್ನ ಎದ್ದು ಕೈ ಒರೆಸಿಕೊಂಡರು. "ಚಲೋ ಅತ್ತೆ. ಈಗ ನಿದ್ದೆ ಹೋಯ್ತು. ಬರೀ ಒಂದೂವರೆ ಗಂಟೆ, ಮನೆಗೇ ಹೋಗಿಬಿಡೋಣ."

ನನ್ನೊಳಗೆ ಏನೋ ಗಟ್ಟಿಯಾಯಿತು.

"ನಾ ಬರೂದಿಲ್ಲ."

"ಅತ್ತೆ?"

"ನೀವು ಹೋಗೂದಿದ್ರ ಹೋಗ್ರಿ. ನಾ ಇಲ್ಲೇ ಈ ಮೂಢಾದ ಮ್ಯಾಲ ಕೂಡ್ತೀನಿ. ನಾಳೆ ಬಂದು ಕರ್ಕೊಂಡು ಹೋಗ್ರಿ."

ಹೇಳಿ ಕೂತೇಬಿಟ್ಟೆ. ಅಳಿಯನಿಗೆ ನಾನು ಆಡಿದ ಮೊದಲ ಖಡಕ್ ಮಾತು ಅದು. ಅವರಿಗೆ ಕೋಪ ಬರುತ್ತದೆಂದು ಕಾದೆ. ಅವರು ನನ್ನ ಪಕ್ಕದಲ್ಲಿ ಇನ್ನೊಂದು ಮೂಢಾ ಎಳೆದುಕೊಂಡು ಕೂತರು. ಇಡೀ ಮೈಯಿಂದ ಒಂದು ಉಸಿರು ಬಿಟ್ಟರು.

"ಥ್ಯಾಂಕ್ಯೂ ಅತ್ತೆ" ಎಂದರು.

ಬ್ರಜಘಾಟ್

ಹಿಂದಕ್ಕೆ, ಗಂಗೆಯ ದಡದ ಬ್ರಜಘಾಟಿನಲ್ಲಿ, ಧರ್ಮಶಾಲೆಗಳಿವೆ ಎಂದು ಆ ಹೆಂಗಸೇ ತೋರಿಸಿದಳು. ಸರ್ವಿಸ್ ರಸ್ತೆಯಲ್ಲಿ ಎತ್ತಿನ ಗಾಡಿಯ ವೇಗದಲ್ಲಿ ಹೋದೆವು. ನಾನು ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತಾಡಿದೆ. ಏನೂ ತೋಚದೆ ಎಕ್ಸ್‌ಚೇಂಜಿನ ಸಹೋದ್ಯೋಗಿಗಳ ಹೆಸರುಗಳನ್ನೆಲ್ಲ ಒದರಿದೆ.

ಧರ್ಮಶಾಲೆಯ ಬಾಗಿಲಲ್ಲಿ ಬಿಳಿ ಮೀಸೆಯ ಮ್ಯಾನೇಜರರು ಕೂತಿದ್ದರು. ನಮ್ಮಿಬ್ಬರ ಬಾಡಿದ ಮುಖ ನೋಡಿ ಎದ್ದು ನಿಂತು, ಬಹಳ ಮೆಲ್ಲಗೆ ಕೇಳಿದರು: "ಕೌನ್ ಗುಜರ್ ಗಯಾ, ಬಹನ್‌ಜೀ?"

ಯಾರು ತೀರಿಕೊಂಡರು ಎಂದು. ದೆಹಲಿ, ಮೇರಠ್, ಮುರಾದಾಬಾದ್ ಕಡೆಯವರು ಅಸ್ಥಿ ಬಿಡಲು ಬರುವ ಜಾಗ ಅದು. ಅಂಗಳದ ತುಂಬ ಹೊಸದಾಗಿ ತಲೆ ಬೋಳಿಸಿಕೊಂಡ ಗಂಡಸರು. ಗೋಡೆಯ ಗೂಟಗಳಿಗೆ ಕೆಂಪು ಬಟ್ಟೆ ಸುತ್ತಿದ ಸಣ್ಣ ಮಡಕೆಗಳು ತೂಗುತ್ತಿದ್ದವು. ಅವು ಏನೆಂದು ಒಂದು ಕ್ಷಣ ತಡವಾಗಿ ತಿಳಿಯಿತು.

"ಕೋಯಿ ನಹೀಂ" ಎಂದೆ. ಯಾರೂ ಇಲ್ಲ. ಪ್ರಸನ್ನ ಪಕ್ಕದಲ್ಲಿ ನಿಂತಿದ್ದಾರೆ. ನಾನು ನಿಂತಿದ್ದೇನೆ. ಮೂಢಾದವಳು ತನ್ನ ಗುಡಿಸಲಿನ ಮುಂದೆ ಬಿದ್ದದ್ದನ್ನು ಮತ್ತೆ ಪೇರಿಸುತ್ತಿದ್ದಾಳೆ. ಯಾರೂ ಇಲ್ಲ, ಯಾರೂ ತೀರಿಕೊಂಡಿಲ್ಲ. ಇನ್ನೊಮ್ಮೆ ಹೇಳಬೇಕೆನ್ನಿಸಿತು, ಹೇಳಿದೆ: "ಕೋಯಿ ನಹೀಂ ಜೀ. ಹಮ್ ಸೋನೇ ಆಯೇ ಹೈಂ."

ನಾವು ಮಲಗಲು ಬಂದಿದ್ದೇವೆ. ಮ್ಯಾನೇಜರರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಬರೀ ನಿದ್ದೆಗೆಂದು ಬಂದವರನ್ನು ತಾನು ನೋಡಿಲ್ಲ ಎಂದು ನಗುತ್ತ ನನಗೊಂದು ಕೋಣೆ ಕೊಟ್ಟರು, ಪ್ರಸನ್ನನಿಗೆ ವೆರಾಂಡದಲ್ಲಿ ಹಗ್ಗದ ಮಂಚ.

ನಾನು ಮೊದಲು ಕೇಳಿದ್ದು ಬಾತ್‌ರೂಮ್ ಎಲ್ಲಿ ಎಂದು. ಹೋಗಿ ಬಂದು, ಬಾಟಲಿಯ ನೀರನ್ನು ನಿಂತಲ್ಲೇ ಪೂರ್ತಿ ಕುಡಿದೆ. ಪ್ರಸನ್ನ ನೋಡುತ್ತಿದ್ದರು.

"ಅತ್ತೆ, ಬೆಳಗ್ಗೆಯಿಂದ ನೀವು ನೀರು ಕುಡಿದೇ ಇಲ್ವಾ?"

"ಇಲ್ರಿ."

"ಯಾಕೆ?"

"ಕುಡದ್ರ ಗಾಡಿ ನಿಲ್ಲಸಬೇಕಾಗ್ತದಲ್ರೀ. ನಿಮಗ ತಡಾ ಆಗ್ತದಂತ."

ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. "ನಾನು ನಿಮಗೆ ಕಷ್ಟ ಆಗಬಾರದು, ಬೇಗ ಮನೆ ಸೇರಿಸಬೇಕು ಅಂತ ನಿಲ್ಲಿಸಲಿಲ್ಲ. ರಾಮಪುರದಿಂದಲೇ ಕಣ್ಣು ಎಳೀತಿತ್ತು."

"ಅಲ್ಲೇ ಹೇಳಬೇಕಿಲ್ಲೇನ್ರಿ?"

"ನೀವು ಚಹಾ ಬೇಡ ಅಂದ್ರಲ್ಲ!"

"ನೀವು ಬ್ಯಾಡ ಅಂದ್ರಿ!"

ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ನನ್ನ ತಲೆನೋವು ಇನ್ನೂ ಹೆಚ್ಚಾಯಿತು. ಅಂಗಳದ ದುಃಖದ ಜನ ನಮ್ಮನ್ನು ನೋಡುತ್ತಾರೆಂದು ಬಾಯಿಗೆ ಸೆರಗು ಹಿಡಿದೆ.

ಆಮೇಲೆ ಅವರು ಗಂಭೀರರಾದರು. "ವಿದ್ಯಾಗೆ ಟ್ರಾಫಿಕ್ ಜಾಮ್ ಅಂತ ಹೇಳಲಾ?" ಎಂದು ಕೇಳಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರ ಹೆಂಡತಿ, ಅವರ ಮಾತು. ಅವರು ಫೋನ್ ಹಿಡಿದು ಸ್ವಲ್ಪ ಹೊತ್ತು ನೀರು ನೋಡುತ್ತ ನಿಂತರು. ಆಮೇಲೆ ನಂಬರು ಒತ್ತಿದರು. "ವಿದ್ಯಾ, ಸುನೋ. ಇಬ್ಬರೂ ಸೇಫ್ ಆಗಿದ್ದೀವಿ. ನನಗೆ ನಿದ್ದೆ ಬಂದು ಗಾಡಿ ರಸ್ತೆ ಬಿಟ್ಟು ಇಳೀತು... ಇಲ್ಲ, ಯಾರಿಗೂ ಏನೂ ಆಗಿಲ್ಲ... ಇವತ್ತು ಬರಲ್ಲ. ಅತ್ತೆ ಬೇಡ ಅಂದ್ರು."

ಫೋನ್ ನನ್ನ ಕೈಗೆ ಬಂತು.

"ಅವ್ವಾ, ಖರೇನ ಆರಾಮ ಅದೀ?" ಎಂದಳು ವಿದ್ಯಾ.

"ಅದೀನಿ ತಂಗಿ. ನೀರು ಕುಡದೀನಿ. ಈಗ ಮಲಗ್ತೀನಿ."

ಅವಳು ಅತ್ತಳು. ಪೂರ್ತಿ ಅಳುವ ತನಕ ಕೇಳಿಸಿಕೊಂಡೆ.

ಹೊರಗೆ ಸಂಜೆಯ ಆರತಿ ಶುರುವಾಯಿತು. ಗಂಟೆ, ಜಾಗಟೆ, ಮೈಕಿನಲ್ಲಿ ಭಜನೆ. ಎಲೆಯ ದೊನ್ನೆಗಳಲ್ಲಿ ದೀಪಗಳು ನೀರಿನ ಮೇಲೆ ಹೊರಟವು. ನೋಡಲು ಬಾಗಿಲಿಗೆ ಬಂದವಳಿಗೆ ಕಂಡದ್ದು ವೆರಾಂಡದಲ್ಲಿ ಪ್ರಸನ್ನ. ಬೋಳು ತಲೆಯವರ ಸಾಲಿನ ನಡುವೆ ಬಾಯಿ ತೆರೆದು, ಒಂದು ಕಾಲು ಮಂಚದ ಕೆಳಗೆ ಜೋತು ಬಿಟ್ಟು, ಗೊರಕೆ ಹೊಡೆಯುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರು ನನ್ನೆದುರು ಮಲಗಿದ್ದು ಅದೇ ಮೊದಲು. ನಾನು ಬಂದರೂ ಏಳಲಿಲ್ಲ. ನನಗೆ ಬಹಳ ಸಮಾಧಾನವಾಯಿತು.

ಕೋಣೆಗೆ ಹೋಗಿ ಮಲಗಿದೆ. ಆರತಿ ಮುಗಿದದ್ದು ಗೊತ್ತಿಲ್ಲ.

ಮರುದಿನ

ಎಚ್ಚರವಾದಾಗ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಅಂಗಳದಲ್ಲಿ ಗಲಾಟೆ. ಹೋಗಿ ನೋಡಿದರೆ, ಪ್ರಸನ್ನನ ಬೂಟುಗಳಲ್ಲಿ ಒಂದನ್ನು ಮಂಗ ಎತ್ತಿಕೊಂಡು ಹೋಗಿ ಮಾಡಿನ ಮೇಲೆ ಕೂತು ಲೇಸು ಕಚ್ಚುತ್ತಿದೆ. ಕೆಳಗೆ ನಾಲ್ಕಾರು ಬೋಳು ತಲೆಗಳು ಬಾಳೆಹಣ್ಣು ಹಿಡಿದು ಅದಕ್ಕೆ ಆಸೆ ತೋರಿಸುತ್ತಿವೆ. ಮಂಗ ಬಾಳೆಹಣ್ಣನ್ನೂ ತೆಗೆದುಕೊಂಡಿತು, ಬೂಟನ್ನೂ ಇಟ್ಟುಕೊಂಡಿತು.

ಹಾಪುಡ್‌ನ ಒಬ್ಬರು, ತಾಯಿಯ ಅಸ್ಥಿ ತಂದವರು, ರಾತ್ರಿ ಪ್ರಸನ್ನನ ಪಕ್ಕದ ಮಂಚದಲ್ಲಿದ್ದರಂತೆ. ಅವರು ನನ್ನ ಬಳಿ ಬಂದು ಹೇಳಿದರು: "ಮಾತಾಜೀ, ನಿಮ್ಮ ಮಗನ ಗೊರಕೆಗೆ ನಮ್ಮ ಮನೆಯವರೆಲ್ಲ ರಾತ್ರಿ ನಕ್ಕರು. ಹದಿಮೂರು ದಿನದ ಮೇಲೆ ನಕ್ಕರು."

ಮಗ ಅಲ್ಲ, ಅಳಿಯ ಎಂದು ಹೇಳಲು ಹೊರಟವಳು ಬಿಟ್ಟುಬಿಟ್ಟೆ.

ಗಂಗೆಯಲ್ಲಿ ಮುಳುಗು ಹಾಕಿದೆ. ಉಟ್ಟ ಸೀರೆಯಲ್ಲೇ, ಮೆಟ್ಟಿಲಿಗೆ ಕಟ್ಟಿದ ಸರಪಳಿ ಹಿಡಿದು. ನಮ್ಮ ತುಂಗಭದ್ರೆಯಲ್ಲಿ ಇಳಿದರೆ ಕಾಲಿಗೆ ಕಲ್ಲು ಸಿಗುತ್ತದೆ. ಇಲ್ಲಿ ಮೆಟ್ಟಿಲು ಮುಗಿದರೆ ಬರೀ ಹೂಳು, ಕಾಲನ್ನು ಮೆತ್ತಗೆ ಒಳಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಮುಳುಗುತ್ತಿದ್ದ ಹೆಂಗಸು ಗುರುತಿಲ್ಲದಿದ್ದರೂ ನನ್ನ ತೋಳು ಹಿಡಿದುಕೊಂಡಳು. ಅವಳೂ ಮುಳುಗಿದಳು, ನನ್ನನ್ನೂ ಮುಳುಗಿಸಿದಳು. ಹೆಸರು ಕೂಡ ಕೇಳದೆ ಹೋದಳು.

ಘಾಟಿನಲ್ಲಿ ನೀಲಿ ಪ್ಲಾಸ್ಟಿಕ್ ಚಪ್ಪಲಿ ಕೊಂಡು ಪ್ರಸನ್ನ ಗಾಡಿ ಹತ್ತಿದರು. ಕನ್ನಡಿಯನ್ನು ಹಗ್ಗದಿಂದ ಕಟ್ಟಿದ್ದರು. ಹೊರಡುವ ಮೊದಲು ನನ್ನ ಕಡೆ ತಿರುಗಿ, "ಅತ್ತೆ, ಎಲ್ಲಿ ನಿಲ್ಲಿಸಬೇಕು ಅನ್ಸಿದ್ರೂ ಹೇಳಿ. ಪ್ರಾಮಿಸ್?" ಎಂದರು.

"ನೀವೂ ಹೇಳ್ರಿ ಮತ್ತ."

ಒಂದೂವರೆ ಗಂಟೆಯ ದಾರಿಯನ್ನು ಅರ್ಧ ದಿನ ಮಾಡಿದೆವು. ಹಾಪುಡ್‌ನಲ್ಲಿ ಹಪ್ಪಳದ ಅಂಗಡಿ ಎಂದು ನಿಂತೆವು. ಪಿಲಖುವಾದಲ್ಲಿ ರಸ್ತೆಯ ಎರಡೂ ಬದಿ ಹಾಸಿಗೆಯ ಹೊದಿಕೆಗಳನ್ನು ಹಗ್ಗಕ್ಕೆ ತೂಗುಹಾಕಿರುತ್ತಾರೆ. ಇಡೀ ಊರೇ ಈಗಷ್ಟೇ ನಿದ್ದೆಯಿಂದೆದ್ದು ಹಾಸಿಗೆ ಒಣಗಲು ಹಾಕಿದ ಹಾಗಿತ್ತು. ಅಲ್ಲಿ ಚಹಾ ಕುಡಿದೆವು. ನಾನೇ ಕೇಳಿ ಎರಡನೆಯ ಲೋಟ ಕುಡಿದೆ. ಡಾಸನಾ ದಾಟಿದ ಮೇಲೆ ಅಗಲವಾದ ಎಕ್ಸ್‌ಪ್ರೆಸ್ ರಸ್ತೆ, ಎಲ್ಲರೂ ನಮ್ಮನ್ನು ಹಿಂದೆ ಹಾಕಿ ಹಾರುತ್ತಿದ್ದರು. ಯಾರೋ ಹಾರ್ನ್ ಹೊಡೆದು ಕೈಯಾಡಿಸಿ ಬೈದು ಹೋದ. ಪ್ರಸನ್ನ ಕಿಟಕಿಯಿಂದ ಅವನಿಗೆ ಕೈ ಬೀಸಿ, "ಬಿಸ್ತಾರೈ, ಭಯ್ಯಾ!" ಎಂದರು.

ದಾರಿಯಲ್ಲಿ ಅವರೇ ಮಾತಾಡಿದರು. ಚಿಕ್ಕಂದಿನಲ್ಲಿ ಪ್ರತಿ ಬೇಸಿಗೆಗೂ ಅಪ್ಪ ಅಮ್ಮನ ಜೊತೆ ರೈಲಿನಲ್ಲಿ ಮೈಸೂರಿಗೆ ಹೋಗುತ್ತಿದ್ದದ್ದು, ಎಲ್ಲಿಯೂ ಇಳಿಯಬೇಡ, ರೈಲು ಬಿಟ್ಟುಹೋಗುತ್ತದೆ ಎಂದು ಅಪ್ಪ ಹೆದರಿಸುತ್ತಿದ್ದದ್ದು. "ಅದಕ್ಕೇ ಅತ್ತೆ, ಈಗಲೂ ಹೊರಟರೆ ನಿಲ್ಲೋಕೇ ಬರಲ್ಲ ನನಗೆ" ಎಂದರು. ಸಾಹೇಬರ ಬಗ್ಗೆಯೂ ಹೇಳಿದರು. ಒಳ್ಳೆಯವರಲ್ಲವಂತೆ.

ಕಿದ್ವಾಯಿ ನಗರ

ಬಾಗಿಲು ತೆರೆದದ್ದು ತನ್ವಿ. ಅವಳ ಕಣ್ಣು ಮೊದಲು ಹೋದದ್ದು ನೀಲಿ ಚಪ್ಪಲಿಗೆ. "ಪಾಪಾ, ಆಪ್ಕೇ ಶೂಸ್ ಕಹಾಂ ಹೈಂ? ಅಜ್ಜೀ, ಏನಾಯ್ತು?"

"ಮಂಗ ಒಯ್ದಿತು" ಎಂದೆ.

"ಮಂಗ ಮತ್‌ಲಬ್?"

"ಬಂದರ್" ಎಂದರು ಪ್ರಸನ್ನ. ತನ್ವಿ ನೆಲದ ಮೇಲೆ ಉರುಳಾಡಿ ನಕ್ಕಳು.

ವಿದ್ಯಾ ಒಳಗಿನಿಂದ ಬಂದಳು. ಭಾನುವಾರವೂ ಇದ್ದ ತಪಾಸಣೆಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಮನೆಯಲ್ಲೇ ಉಳಿದಿದ್ದಳಂತೆ. ಕಣ್ಣುಗಳು ಕೆಂಪಗಾಗಿ ಊದಿದ್ದವು. ಗಂಡನ ತೋಳು, ಭುಜ, ಹಣೆ ಮುಟ್ಟಿ ನೋಡಿದಳು. ನನ್ನದನ್ನೂ ಹಾಗೇ ನೋಡಿದಳು. ಆಮೇಲೆ ಶುರುವಾಯಿತು ಬೈಗುಳ. ಕನ್ನಡದಲ್ಲಿ ನನಗೆ, ಹಿಂದಿಯಲ್ಲಿ ಪ್ರಸನ್ನನಿಗೆ. ಗಡಿಯಲ್ಲಿ ಯಾಕೆ ಉಳಿಯಲಿಲ್ಲ? ನೀರು ಯಾಕೆ ಕುಡಿಯಲಿಲ್ಲ? ಇಬ್ಬರಿಗೂ ಬಾಯಿ ಇಲ್ಲವೇ? ನಾವಿಬ್ಬರೂ ಸೋಫಾದ ಎರಡು ತುದಿಯಲ್ಲಿ ತಲೆ ತಗ್ಗಿಸಿ ಕೂತು ಕೇಳಿದೆವು. ಅವಳೂ ಬೈಯುತ್ತ ಬೈಯುತ್ತ ನಮ್ಮಿಬ್ಬರ ನಡುವೆ ಬಂದು ಕೂತಳು. "ಇಡೀ ರಾತ್ರಿ ನಾನು..." ಎಂದಳು. ಮುಂದಿನ ಮಾತಿಗೆ ಕಾದೆವು. ಬರಲಿಲ್ಲ.

ನೋಡಿದರೆ ನನ್ನ ಭುಜಕ್ಕೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಪ್ರಸನ್ನ ತನ್ವಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಮೆಲ್ಲಗೆ ಜರುಗಿ ದಿಂಬು ಕೊಟ್ಟೆ. ಚಪ್ಪಲಿಯ ಸದ್ದಾಗುತ್ತದೆಂದು ಬರಿಗಾಲಲ್ಲಿ ಮೂವರೂ ಅಡುಗೆಮನೆಗೆ ಹೋದೆವು. ಬೇಳೆ ತೊಳೆದೆ. ಕುಕ್ಕರ್ ಇಡಲು ಹೋದಾಗ ಪ್ರಸನ್ನ ತಡೆದರು.

"ಸೀಟಿ ಹೊಡೆಯುತ್ತೆ ಅತ್ತೆ" ಎಂದು ಪಿಸುಗುಟ್ಟಿದರು.

ಹೌದಲ್ಲ ಎನ್ನಿಸಿತು. ಅಗಲವಾದ ಪಾತ್ರೆ ತೆಗೆದು, ಸಣ್ಣ ಉರಿಯಲ್ಲಿ ಬೇಳೆಯನ್ನು ತೆರೆದೇ ಬೇಯಲು ಇಟ್ಟೆವು. ಅದು ಬೇಯಲು ಬಹಳ ಹೊತ್ತು ಹಿಡಿಯಿತು. ಯಾರಿಗೂ ಅವಸರವಿರಲಿಲ್ಲ.